ಹುಳುಮನೆಯಲ್ಲಿ ಆರು ಡ್ರಮ್ಮು

ಏಪ್ರಿಲ್ 3, ಗುರುವಾರ

ಮನೆಯಲ್ಲಿ ಹುಳುವಿಲ್ಲ. ಹುಳುವಿಲ್ಲ ಅಂದಮೇಲೆ ಸೊಪ್ಪು ಕೊಯ್ಯುವ ಕೆಲಸವಿಲ್ಲ, ತಟ್ಟೆ ತೆಗೆಯುವ ಕೆಲಸವಿಲ್ಲ, ಪೊರೆ ಕಳಚಲು ಜ್ವರಕ್ಕೆ ಕೂತವೋ ಎದ್ದವೋ ಎಂದು ಬಗ್ಗಿ ನೋಡುವ ಕೆಲಸವಿಲ್ಲ. ಮದುವೆಯಾಗಿ ಹೊಂಗನೂರಿಗೆ ಬಂದಾಗಿನಿಂದ ರೇಷ್ಮೆ ಸಾಕಿದ ಕೈ ಇದು. ಸುಮ್ಮನೆ ಬಿಟ್ಟರೆ ಯಾರಿಗಾದರೂ ಹೊಡೆದೀತು ಎಂದು ಹೆದರಿ ಬರೆಯಲು ಕೂತಿದ್ದೇನೆ. ಓದುವ ಅಧಿಕಾರ ನನಗೊಬ್ಬಳಿಗೇ. ನಮ್ಮ ಯಜಮಾನರು ಶಿವಕುಮಾರ್ ಅವರು ಪೇಪರಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಓದುವವರಲ್ಲ, ಆ ಭಯವಿಲ್ಲ.

ಆದದ್ದು ಇಷ್ಟು. ಸಂಕ್ರಾಂತಿ ಕಳೆದ ವಾರ ನಮ್ಮ ಹಿಪ್ಪುನೇರಳೆ ತೋಟದ ತಿರುವಿನಲ್ಲಿ ಡೀಸೆಲ್ ಟ್ಯಾಂಕರ್ ಮಗುಚಿತು. ಡ್ರೈವರ್ ಹೇಗೋ ಹೊರಗೆ ಬಂದು, ಬೆಂಕಿ ಹತ್ತೀತು ಹತ್ತಿರ ಬರಬೇಡಿ ಎಂದು ಬಾಯಿ ಬಡಿದುಕೊಂಡ. ಯಾರು ಕೇಳುತ್ತಾರೆ? ಸ್ವಲ್ಪ ಹೊತ್ತಿಗೆಲ್ಲ ಊರಿನ ಬಿಂದಿಗೆ, ಬಕೆಟ್ಟು, ಪಾಯಸ ಮಾಡುವ ಹಂಡೆ ಎಲ್ಲವೂ ತೋಟದಲ್ಲಿದ್ದವು. ನಾನೂ ಓಡಿದೆ. ನನ್ನ ತೋಟಕ್ಕೆ ಬಿದ್ದದ್ದರಲ್ಲಿ ನನಗೇ ಪಾಲಿಲ್ಲದಿದ್ದರೆ ಹೇಗೆ? ಕೈಗೆ ಸಿಕ್ಕಿದ್ದು ತವರಿನಿಂದ ತಂದ ತಾಮ್ರದ ಬಿಂದಿಗೆ. ತುಂಬಿಕೊಂಡು ಬಂದೆ. ಮಿಕ್ಕದ್ದನ್ನೆಲ್ಲ ಮಣ್ಣು ಕುಡಿಯಿತು.

ಆಮೇಲೆ ಆ ತೋಟದ ಸೊಪ್ಪನ್ನು ಹುಳು ಮುಟ್ಟಲಿಲ್ಲ. ತಲೆ ಎತ್ತಿ ಎತ್ತಿ ನೋಡಿ ಸತ್ತವು, ಒಂದು ಮನೆ ತುಂಬ ಹುಳು. ನಾನು ಅತ್ತದ್ದನ್ನು ಯಾರೂ ನೋಡಿಲ್ಲ.

ಈಗ ಮಾಲಿನ್ಯ ಮಂಡಳಿಯ ಆಫೀಸರು ಎರಡು ದಾರಿ ಹೇಳಿದ್ದಾರೆ. ಒಂದು, ಮಣ್ಣನ್ನು ಇದ್ದಲ್ಲಿಯೇ ತೊಳೆಯುವುದು. ಅದು ಆಗದಿದ್ದರೆ ಜೆಸಿಬಿ ತಂದು ಆಳುದ್ದ ಮಣ್ಣು ಬಗೆದು ಲಾರಿಯಲ್ಲಿ ಸಾಗಿಸುವುದು. ಬಗೆದರೆ ತೋಟವೆಲ್ಲಿ? ಒಂದೊಂದು ಕಡ್ಡಿಯನ್ನೂ ನಾನೂ ಇವರೂ ಸೇರಿ ನೆಟ್ಟದ್ದು. ಸುಮ್ಮನೆ ಬಿಡುವ ಹಾಗೂ ಇಲ್ಲ. ತೋಟದ ತಗ್ಗಿಗೆ ಬಾವಿ ಇದೆ, ಮಳೆ ಜಡಿದರೆ ಡೀಸೆಲ್ ಅಲ್ಲಿಗಿಳಿಯುತ್ತದೆ.

ಊರವರಿಗೆ ನಮ್ಮನ್ನು ಕಂಡರೆ ಪಾಪ. ಆದರೆ ಡೀಸೆಲ್ ಗಾಳಿ ಮೈಗಂಟಿಕೊಂಡು ಹೋಗಿ ತಮ್ಮ ಹುಳುವಿಗೆ ತಗಲೀತು ಎಂದು ಒಬ್ಬರೂ ನಮ್ಮ ಮನೆಗೆ ಬರುವುದಿಲ್ಲ. ಮೊದಲು ಸೊಪ್ಪು ಕಡ ಕೇಳಲು, ಹುಳು ಗೂಡು ಕಟ್ಟುವ ಚಂದ್ರಿಕೆ ಕೇಳಲು, ಸುಮ್ಮನೆ ಎಲೆಅಡಿಕೆ ಹಾಕಲು ಎಷ್ಟು ಜನ! ಈಗ ನಾಯಿ ಮಾತ್ರ ಬರುತ್ತದೆ.

ಏಪ್ರಿಲ್ 7, ಸೋಮವಾರ

ಮಣ್ಣು ತೊಳೆಯುವ ಇಂಜಿನಿಯರ್ ಬಂದ. ಹೆಸರು ಗೌಸ್. ಕೋಲಿನಂಥ ಹುಡುಗ, ಅದಕ್ಕೊಂದು ಹೆಲ್ಮೆಟ್ಟು. ಜೊತೆಯಲ್ಲಿ ಪೈಪು, ಪಂಪು, ಆರು ನೀಲಿ ಡ್ರಮ್ಮು. ಡ್ರಮ್ಮಿನೊಳಗೆ ಜೇನಿನಂಥ ಮಂದ ದ್ರವ.

"ಇದು ಸೋಪಿನ ಜಾತಿಯದು ಮೇಡಂ. ವಾಸನೆ ಇಲ್ಲ, ಗಿಡಕ್ಕೂ ತೊಂದರೆ ಇಲ್ಲ. ನೀರಿಗೆ ಅಳತೆಯಂತೆ ಬೆರೆಸಿ ರಸ್ತೆ ಕಡೆಯಿಂದ ಮಣ್ಣಿಗೆ ಬಿಡ್ತೀವಿ. ಮಣ್ಣಿಗೆ ಅಂಟಿರೋ ಡೀಸೆಲ್ ಬಿಟ್ಕೊಂಡು ಬರುತ್ತೆ. ತಗ್ಗಲ್ಲಿ ಪಂಪ್ ಇಟ್ಟು, ಬಾವಿಗೆ ಹೋಗೋಕೆ ಮುಂಚೆ ಎಳ್ಕೋತೀವಿ."

"ಅಂದ್ರೆ ನನ್ ತೋಟಾನ ಬಟ್ಟೆ ಒಗ್ದಂಗೆ ಒಗೀತೀಯ."

"ಹೌದು ಮೇಡಂ."

"ಮೇಡಂ ಗೀಡಂ ಅನ್ಬೇಡ, ಇಸ್ಕೂಲ್ ಟೀಚರಲ್ಲ ನಾನು. ಒಗ್ದು ಎಲ್ಲಿ ಒಣಗಾಕ್ತೀಯ?"

ಪಾಪ, ಅದಕ್ಕೂ ಉತ್ತರ ಹುಡುಕಲು ಹೊರಟ. ಇವನು ಉದ್ಧಾರ ಮಾಡಿದ ಹಾಗೇ ಇದೆ.

ಡ್ರಮ್ಮಿಗೆ ಬಿಸಿಲು ತಾಗಬಾರದಂತೆ. ಖಾಲಿ ಬಿದ್ದಿರುವ ಹುಳುಮನೆ ತೋರಿಸಿದೆ. ಬೀಗದ ಕೈ ನಿಮ್ಮ ಹತ್ರಾನೇ ಇರಲಿ ಎಂದ. ಊರು ಕೇಳಿದರೆ ರಾಮನಗರವಂತೆ. ಅಪ್ಪ ಯಾರು ಅಂದೆ. ಗೂಡಿನಿಂದ ನೂಲು ತೆಗೆಯುವ ರೀಲರ್ ರಸೂಲ್!

ಆ ರಸೂಲ್ ಸಾಹೇಬರೊಂದಿಗೆ ಗೂಡಿನ ಮಾರುಕಟ್ಟೆಯಲ್ಲಿ ನಾನು ಆಡದ ಜಗಳವಿಲ್ಲ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮೂಗಿಗೆ ಹಿಡಿದು, ಮುಖ ಸಿಂಡರಿಸಿಕೊಂಡೇ ಕೊಳ್ಳುವ ಮನುಷ್ಯ.

"ನಿಮ್ಮಪ್ಪ ನನ್ನ ಬಗ್ಗೆ ಏನಂತಾರೆ?"

ಹುಡುಗ ನಕ್ಕ. ಅದರಲ್ಲಿ ಎರಡು ಭಾಗ ಇದೆ ಅಂದ. ಮೊದಲನೇ ಭಾಗ 'ಬಾಯಿ ಖಾರ' ಅಂತಷ್ಟೇ ಬಾಯಿ ಬಿಟ್ಟ. ಎರಡನೇ ಭಾಗ ಇದಕ್ಕಿಂತ ಕೆಟ್ಟದ್ದಿರಬೇಕು.

ಏಪ್ರಿಲ್ 11, ಶುಕ್ರವಾರ

ಪಂಪು ಶುರುವಾಗಿದೆ. ಮೇಲಿಂದ ಹೋದ ನೀರು ತಗ್ಗಿನಲ್ಲಿ ಹಾಲಿನ ಹಾಗೆ ಬೆಳ್ಳಗೆ ಬಂತು. ತೊಟ್ಟಿಯಲ್ಲಿ ನಿಲ್ಲಿಸಿದರೆ ಮೇಲೆ ಡೀಸೆಲ್ ಕೆನೆಗಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಎರಡು ಬಕೆಟ್ ಬಳಿದು ತೆಗೆದ. ನನ್ನ ನೆಲದ ಹೊಟ್ಟೆಯಲ್ಲಿ ಅಷ್ಟು ವಿಷವಿತ್ತಾ ಎಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದೆ.

"ಬೆಳ್ಳಗಿರೋವರೆಗೂ ಕೆಲಸ ಆಗ್ತಿದೆ ಅಂತ ಲೆಕ್ಕ" ಎಂದು ಹೇಳಿ ನಮಾಜಿಗೆ ಚನ್ನಪಟ್ಟಣಕ್ಕೆ ಹೋದ. ಇರಲಿ, ಪೂರ್ತಿ ಪೆದ್ದನಲ್ಲ.

ಏಪ್ರಿಲ್ 16, ಬುಧವಾರ

ಇವತ್ತು ಒಂದು ಪವಾಡ ನಡೆಯಿತು. ಮಾಡಿದವಳು ನಾನೇ.

ತಾಮ್ರದ ಬಿಂದಿಗೆ ಸಂಕ್ರಾಂತಿಯಿಂದ ಡೀಸೆಲ್ ನಾರುತ್ತಾ ಹಿತ್ತಿಲಲ್ಲಿ ಬಿದ್ದಿತ್ತು. ಹುಣಸೆಹಣ್ಣು, ಬೂದಿ, ಸೀಗೆಪುಡಿ, ನಿಂಬೆಹಣ್ಣು ಯಾವುದಕ್ಕೂ ವಾಸನೆ ಜಗ್ಗಲಿಲ್ಲ. ಅದರಲ್ಲಿ ನೀರು ಹಿಡಿದರೆ ಟ್ಯಾಂಕರ್ ಕುಡಿದ ಹಾಗೆ. ಹುಳುಮನೆ ಗುಡಿಸಲು ಹೋದವಳಿಗೆ ತಲೆಗೆ ಹೊಳೆಯಿತು: ಮಣ್ಣಿನಿಂದ ಬಿಡಿಸುವುದಾದರೆ ಬಿಂದಿಗೆಯಿಂದ ಬಿಡಿಸದೆ ಇರುತ್ತದಾ? ಒಂದು ಲೋಟ, ಒಂದೇ ಒಂದು ಲೋಟ. ಸವರಿ ತೊಳೆದೆ. ವಾಸನೆ ಹೋಯಿತು! ಅಮ್ಮ ಕೊಟ್ಟಾಗ ಹೇಗಿತ್ತೋ ಹಾಗೇ. ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಸುಮ್ಮನೆ ನಡೆದೆ.

ಡ್ರಮ್ಮಿಗೆ ಒಂದು ಲೋಟ ನೀರು ಹಾಕಿದೆ. ಹುಡುಗ ಕೋಲು ಬಿಟ್ಟು ಮಟ್ಟ ನೋಡುತ್ತಾನೆ, ಸುಮ್ಮನೆ ಯಾಕೆ ಗಾಬರಿಯಾಗಬೇಕು.

ಏಪ್ರಿಲ್ 19, ಶನಿವಾರ

ಮಾರಕ್ಕ ಬಂದಿದ್ದಳು! ಮೂರು ಮನೆ ಆಚೆ ಇದ್ದುಕೊಂಡು ಮೂರು ತಿಂಗಳಿಂದ ನಮ್ಮ ಹೊಸಲು ತುಳಿಯದವಳು. ಬೀದಿ ನಲ್ಲಿಯಲ್ಲಿ ನನ್ನ ಬಿಂದಿಗೆ ಮಿರಮಿರ ಅನ್ನುವುದನ್ನು ನೋಡಿ ಹೊಟ್ಟೆ ಉರಿದಿರಬೇಕು.

"ಏನಮ್ಮಿ ಲತಾ, ಬಿಂದ್ಗೆ ಎಂಗ್ ತೊಳ್ದೆ?"

"ಯಾಕೆ ಮಾರಕ್ಕ, ನಿಂದೂ ವಾಸ್ನೆ ಬಂದದಾ? ನೀನು ಡೀಸೆಲ್ ಇಡ್ಕಂಡಿಲ್ಲ ಅಂತ ಅವತ್ತು ಪೊಲೀಸ್ನೋರ ಮುಂದೆ ಆಣೆ ಮಾಡ್ದಲ್ಲ?"

"ನಂದಲ್ಲ ಕಣವ್ವ! ನಮ್ ತಂಗೀದು. ಸಾತನೂರಿಂದ ತಂದಿಟ್ಟವ್ಳೆ, ಅದ್ಯಾಕೋ ಏನೋ ಒಸಿ ವಾಸ್ನೆ."

ಸಾತನೂರಿನಲ್ಲಿ ಯಾವ ಟ್ಯಾಂಕರ್ ಬಿತ್ತು ಎಂದು ಕೇಳಲಿಲ್ಲ. ನಗು ತಡೆದುಕೊಂಡು ಒಂದು ಸೀಸೆ ಕೊಟ್ಟೆ. ಕೂತು ಎಲೆಅಡಿಕೆ ಹಾಕಿ, ಕತ್ತಲಾಗುವವರೆಗೂ ಊರಿನ ಸುದ್ದಿಯೆಲ್ಲ ಹೇಳಿ ಹೋದಳು.

ಏಪ್ರಿಲ್ 27, ಭಾನುವಾರ

ಊರಿಗೂರೇ ತಂಗಿಯರ ಬಿಂದಿಗೆ ಹೊತ್ತು ನಮ್ಮನೆಗೆ ಬರುತ್ತಿದೆ. ಒಬ್ಬಳದು ಅತ್ತಿಗೆಯ ಹಂಡೆ, ಒಬ್ಬಳದು 'ಯಾರೋ ಬಿಟ್ಟೋದ' ಬಕೆಟ್ಟು. ಬಾಯಿ ಬಿಟ್ಟು ಹೇಳಿದರೆ ಡೀಸೆಲ್ ಹಿಡಿದದ್ದನ್ನು ಒಪ್ಪಿಕೊಂಡ ಹಾಗಾಗುತ್ತದಲ್ಲ! ಹುಡುಗ ಶುಕ್ರವಾರ ನಮಾಜಿಗೆ ಹೋದಾಗ ನಮ್ಮ ಹಿತ್ತಿಲಿನಲ್ಲಿ ಸಾಲು. ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಮಾವಿನಕಾಯಿ, ಮೊಸರು, ಹಲಸಿನ ತೊಳೆ. ಸಿದ್ದಮ್ಮ ಸಂತೆಯಿಂದ ನನಗೆಂದೇ ಮಲ್ಲಿಗೆ ತಂದಿದ್ದಳು. ಆಮೇಲಾಮೇಲೆ ಬಿಂದಿಗೆ ಮುಗಿದು, ಮಸಿ ಹಿಡಿದ ಪಾತ್ರೆಗೆ, ಟ್ರ್ಯಾಕ್ಟರ್ ಓಡಿಸುವವರ ಬಟ್ಟೆಗೆ ಎಂದು ಕೇಳತೊಡಗಿದರು. ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಪಾಪ ಅನ್ನುತ್ತಿದ್ದವರೆಲ್ಲ ಈಗ 'ಲತಕ್ಕ, ಲತಕ್ಕ'.

ತೆಗೆದಷ್ಟೂ ನೀರು ತುಂಬಿಸುತ್ತಿದ್ದೇನೆ. ಮಟ್ಟ ಅವನ ಲೆಕ್ಕಕ್ಕಿಂತ ಒಂದು ಬೆರಳೂ ಇಳಿದಿಲ್ಲ. ದ್ರವ ತೆಳ್ಳಗಾಗಿದೆಯಲ್ಲ ಎಂದು ಹುಡುಗ ತಲೆ ಕೆರೆದುಕೊಂಡ.

"ಬ್ಯಾಸ್ಗೆ ಕಣಪ್ಪ. ಬ್ಯಾಸ್ಗೇಲಿ ತುಪ್ಪ ತೆಳ್ಗಾಗಕಿಲ್ವಾ?"

"ಅದೂ ನಿಜಾನೇ" ಎಂದ. ಇಂಜಿನಿಯರಿಂಗ್ ಕಾಲೇಜಿನಲ್ಲಿ ತುಪ್ಪದ ಪಾಠ ಇರಲಿಲ್ಲ ಅಂತ ಕಾಣುತ್ತದೆ.

ಮೇ 2, ಶುಕ್ರವಾರ

ತಗ್ಗಿನ ಪಂಪಿನಲ್ಲಿ ಬರುವ ನೀರು ಬೆಳ್ಳಗಿಲ್ಲ. ತಿಳಿಯಾಗಿದೆ. ತೋಟ ಶುದ್ಧವಾಯಿತೇನೋ ಎಂದು ಖುಷಿಪಟ್ಟೆ. ಹುಡುಗ ಒಂದು ಹಿಡಿ ಮಣ್ಣು ತೆಗೆದು ನನ್ನ ಮೂಗಿಗೆ ಹಿಡಿದ. ನಾತ ಹಾಗೆಯೇ ಇದೆ.

ಮೇ 9, ಶುಕ್ರವಾರ

ಎಂಥ ದಿನ! ಸಿಟ್ಟಿಗೆ ಪೆನ್ನು ಒತ್ತಿ ಹಾಳೆ ಹರಿಯಿತು.

ಮಣ್ಣಿನ ಪರೀಕ್ಷೆಯ ಫಲಿತಾಂಶ ಬಂತು. ಫೇಲ್. ಏಪ್ರಿಲ್ ಮಧ್ಯದಲ್ಲಿ ಸರಸರ ಇಳಿಯುತ್ತಿದ್ದದ್ದು ಆಮೇಲೆ ನಿಂತ ನೀರಾಗಿದೆ. ಇಪ್ಪತ್ತಾರನೇ ತಾರೀಕು ಜೆಸಿಬಿ ಕಳಿಸುತ್ತಾರಂತೆ. ಗೌಸ್ ರಿಪೋರ್ಟಿನಲ್ಲಿ ಬರೆದಿದ್ದಾನೆ, ಇಲ್ಲಿಯ ಮಣ್ಣಿನಲ್ಲಿ ಜೇಡಿ ಜಾಸ್ತಿ, ಡೀಸೆಲನ್ನು ಬಿಡುತ್ತಿಲ್ಲ ಎಂದು.

ನನಗೆ ತಲೆಗೆ ಏರಿತು. "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ! ನನ್ ಮಣ್ಣಿಗೆ ಏನಾಗದೆ? ಬಂಗಾರದಂಥ ಮಣ್ಣು! ನಿನ್ ಸೋಪಿಗೆ ದಮ್ಮಿಲ್ಲ ಅನ್ನು!"

ಹುಡುಗ ತಲೆ ತಗ್ಗಿಸಿದ. "ಇರಬಹುದಮ್ಮ. ನನ್ನ ಲೆಕ್ಕಾನೇ ಎಲ್ಲೋ ತಪ್ಪಿರಬಹುದು. ರಾತ್ರಿಯೆಲ್ಲ ಅದನ್ನೇ ನೋಡ್ತಿದ್ದೀನಿ, ಸಿಗ್ತಿಲ್ಲ."

ಅವನ ಕಣ್ಣ ಕೆಳಗೆ ಕಪ್ಪು ಹತ್ತಿದೆ. ಇನ್ನೆರಡು ಮಾತು ಆಡಬೇಕೆಂದಿದ್ದೆ, ಬಿಟ್ಟೆ. ನಮ್ಮವರು ತೋಟದ ಬದುವಿನ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ.

ಸಂಜೆ ಸಿದ್ದಮ್ಮ ಬಾಟಲಿ ಹಿಡಿದು ಬಂದಳು. ಕೊಟ್ಟು ಕಳಿಸಿದೆ.

ಮೇ 13, ಮಂಗಳವಾರ

ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋಗಿದ್ದೆ. ನನ್ನ ಮುಂದೆ ಮಾರಕ್ಕ. ಡೈರಿ ಸೆಕ್ರೆಟರಿ ಬಾಲರಾಜು ಅವಳ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟ. ಮುಳುಗಿತು.

"ಏನಕ್ಕ, ಹಸ ಕೆರೇಲಿ ಈಜಾಡ್ತಾ?"

"ಅಯ್ ನಿನ್ನ! ಪಾತ್ರೆ ಮಟ್ಟ ನೋಡ್ಲಾ, ನಿನ್ನೆ ಎಷ್ಟಿತ್ತೋ ಅಷ್ಟೇ ಐತೆ."

"ಮಟ್ಟ ಸರಿ ಐತೆ ಕಣಕ್ಕ. ಮಟ್ಟಕ್ಕೇನು, ನೀರ್ ಉಯ್ದ್ರೂ ಬತ್ತದೆ. ಕಾಸೋಕೆ ಹೋದಾಗ ಗೊತ್ತಾಯ್ತದೆ, ಹಾಲಿಲ್ಲ ಅಂತ."

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಗಲು ಬಾಯಿ ತೆರೆದೆ. ನಗು ಬರಲಿಲ್ಲ.

ನನ್ನ ಹಾಲಿನ ಡಿಗ್ರಿ ಎಷ್ಟು ಬಂತೆಂದೂ ನೋಡದೆ ಮನೆಗೆ ಬಂದೆ. ಹುಳುಮನೆಯ ಬೀಗ ತೆಗೆದೆ. ತೆರೆದ ಡ್ರಮ್ಮು ನಾಲ್ಕು. ಒಂದೊಂದರಲ್ಲೂ ಬೆರಳದ್ದಿ ಉಜ್ಜಿದೆ. ನೀರು. ನಾಲ್ಕರಲ್ಲೂ ನೀರೇ. ಮಟ್ಟ ಮಾತ್ರ ಅವನ ಲೆಕ್ಕದಷ್ಟೇ.

ನನ್ನ ತೋಟಕ್ಕೆ ಎರಡು ವಾರದಿಂದ ಬರೀ ನೀರು ಹೋಗುತ್ತಿದೆ. ಅದರ ಔಷಧಿಯನ್ನು ನಾನೇ ಬಾಟಲಿ ಬಾಟಲಿ ಹಂಚಿದ್ದೇನೆ.

ಮೇ 14, ಬುಧವಾರ

ಊಟ ಸೇರಲಿಲ್ಲ.

ಮೇ 15, ಗುರುವಾರ

ಎರಡು ದಿನದಿಂದ ಯೋಚಿಸಿದೆ, ಬಾಯಿ ಬಿಡದೆ ಸರಿಮಾಡುವ ದಾರಿ ಇದೆಯೇ ಎಂದು. ಅಂಗಡಿಯಿಂದ ಸೋಪು ತಂದು ಕರಗಿಸಿ ಹಾಕಿದರೆ? ಅಂಟುವಾಳ ಕುದಿಸಿ ಹಾಕಿದರೆ? ಇದ್ದ ಕೇಡಿನ ಮೇಲೆ ಇನ್ನೊಂದು ಕೇಡಾದರೆ?

ಮಧ್ಯಾಹ್ನ ಹುಡುಗ ಪೈಪು ಬಿಚ್ಚುತ್ತಿದ್ದ. ಹೋಗಿ ಬೀಗದ ಕೈ ಅವನ ಮುಂದೆ ಹಿಡಿದೆ.

"ನಿನ್ ಸೋಪಿಗೆ ದಮ್ಮದೆ ಕಣಪ್ಪ. ಅದು ಡ್ರಮ್ಮಲ್ಲಿಲ್ಲ ಅಷ್ಟೇ. ಊರೋರ ಬಿಂದ್ಗೇಲದೆ."

ಎಲ್ಲ ಹೇಳಿದೆ, ಬಿಂದಿಗೆಯಿಂದ ತುಪ್ಪದವರೆಗೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವನು ಮಣ್ಣಿನ ಮೇಲೆ ಕೂತುಬಿಟ್ಟ.

"ನಾನು ದಿನಾ ಡ್ರಮ್ ತೂಕ ಮಾಡಬೇಕಿತ್ತಮ್ಮ. ಅದು ರೂಲ್ಸು. ಮಾಡಲಿಲ್ಲ. ಯಾಕೆ ಗೊತ್ತಾ? ನಮ್ಮಪ್ಪ ಹೇಳ್ತಾರೆ, ಹೊಂಗನೂರಿನ ಆಯಮ್ಮನ ಬಾಯಿ ಖಾರ, ತೂಕ ಮಾತ್ರ ಸಾಚಾ ಅಂತ. ಅವರ ಗೂಡಿನ ಚೀಲಾನ ಎರಡನೇ ಸಲ ತೂಗಬೇಕಾಗಿಲ್ಲ ಅಂತ."

ಎರಡನೇ ಭಾಗ ಅದಾಗಿತ್ತು.

ನಾನು ಜನರ ಮುಂದೆ ಅಳುವವಳಲ್ಲ. ಕಣ್ಣಿಗೆ ಧೂಳು ಬಿತ್ತು ಎಂದೆ. ಬೀಗದ ಕೈ ಹಾಗೆಯೇ ಹಿಡಿದು ನಿಂತಿದ್ದೆ. ಅವನು ತೆಗೆದುಕೊಳ್ಳಲಿಲ್ಲ. "ನಿಮ್ಮ ಹತ್ರಾನೇ ಇರಲಿ" ಎಂದ. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಆಮೇಲೆ ಅವನ ಆಫೀಸಿಗೆ ಫೋನು ಮಾಡಿದ. ಬೆರಕೆಯ ಅಳತೆಯಲ್ಲಿ ತನ್ನದೇ ತಪ್ಪಾಗಿದೆ, ಮಣ್ಣಿನದಲ್ಲ, ಹದಿನೈದು ದಿನ ಕೊಡಿ ಎಂದು ಬೇಡಿಕೊಂಡ. ಇವನ ಕೆಲಸ ಇನ್ನೂ ಕಾಯಂ ಆಗಿಲ್ಲವಂತೆ. ಜೆಸಿಬಿ ಹದಿನೈದು ದಿನ ಮುಂದೆ ಹಾಕುತ್ತೇವೆ, ಹೊಸ ಡ್ರಮ್ಮು ಕೊಡುವುದಿಲ್ಲ, ಉಳಿದದ್ದರಲ್ಲಿ ಮುಗಿಸು, ಆಗದಿದ್ದರೆ ನೀನೂ ಬೇಡ ಎಂದರಂತೆ. ಅಪ್ಪನಿಗೂ ಫೋನು ಮಾಡಿ "ಗಲ್ತಿ ಮೇರೀಚ್ ಹೈ" ಎಂದ. ಇಷ್ಟು ವರ್ಷ ಗೂಡಿನ ಮಾರುಕಟ್ಟೆ ತಿರುಗಿದವಳಿಗೆ ಅಷ್ಟು ಉರ್ದು ಬರುವುದಿಲ್ಲವೇ? ತಪ್ಪು ನನ್ನದೇ ಅಂದ. ನನ್ನ ಹೆಸರು ಎತ್ತಲಿಲ್ಲ.

ನಮ್ಮವರಿಗೆ ರಾತ್ರಿ ಹೇಳಿದೆ. "ಬೇಲೀನೇ ಎದ್ದು ಹೊಲ ಮೇಯ್ತಲ್ಲೇ" ಎಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಆಡಿದ ಅತಿ ದೊಡ್ಡ ಬೈಗುಳ.

ಮೇ 17, ಶನಿವಾರ

ಸೀಲು ಒಡೆಯದ ಡ್ರಮ್ಮು ಎರಡಿವೆ. ಅಷ್ಟು ಸಾಲದು. ಊರಿನಲ್ಲಿರುವುದು ವಾಪಸು ಬರಬೇಕು. ಕೊಡಿ ಅಂದರೆ ಯಾರು ಕೊಡುತ್ತಾರೆ? ಅದಕ್ಕೇ ನಿನ್ನೆ ನಲ್ಲಿಯ ಹತ್ತಿರ ಹೋಗಿ ಮಾರಕ್ಕನೊಬ್ಬಳ ಕಿವಿಯಲ್ಲಿ ಗುಟ್ಟಾಗಿ ಹೇಳಿದೆ.

"ಯಾರ್ಗೂ ಹೇಳ್ಬ್ಯಾಡ ಮಾರಕ್ಕ. ಆ ಸೋಪಿನ್ ಎಣ್ಣೆ ಇರೋ ಮನೇಲಿ ಹುಳ ಹಣ್ಣಾಗಿ ಗೂಡ್ ಕಟ್ಟಕಿಲ್ವಂತೆ. ಜ್ವರದಲ್ಲೇ ಕೂತ್ಬುಡ್ತವಂತೆ."

ಮಾರಕ್ಕನಿಗೆ ಯಾರಿಗೂ ಹೇಳಬೇಡ ಅಂದರೆ ತಮಟೆ ಕೊಟ್ಟ ಹಾಗೆ. ಹೊಂಗನೂರಿನಲ್ಲಿ ಹುಳುವಿಲ್ಲದ ಮನೆ ಯಾವುದಿದೆ? ಸೂರ್ಯ ಮುಳುಗುವಷ್ಟರಲ್ಲಿ ನಮ್ಮ ಜಗುಲಿಯ ಮೇಲೆ ಬಾಟಲಿ, ಡಬ್ಬ, ಸೀಸೆ, ಮಗುವಿನ ನೀರಿನ ಬಾಟಲು, ಒಂದು ಹರಳೆಣ್ಣೆ ಕ್ಯಾನು. ಇವತ್ತು ಬೆಳಿಗ್ಗೆ ಬಾಗಿಲು ತೆರೆದಾಗ ಇನ್ನೂ ಒಂದಷ್ಟು. ಯಾರು ತಂದಿಟ್ಟರೋ, ಯಾರೂ ಇಟ್ಟಿಲ್ಲ. ಸಿದ್ದಮ್ಮ ಹೆದರಿ ಬಚ್ಚಲಿಗೆ ಸುರಿದಳಂತೆ, ಬೀದಿಯ ಚರಂಡಿಯಲ್ಲಿ ಸೊಂಟದೆತ್ತರ ನೊರೆ ಎದ್ದು ಅದರೊಳಗೆ ಹಂದಿಯೊಂದು ಕಾಣೆಯಾಗಿತ್ತು.

ಗೌಸ್ ಬಂದು ಜಗುಲಿ ನೋಡಿದ. ಎಂಟು ದಿನದಲ್ಲಿ ಮೊದಲ ಸಲ ನಕ್ಕ. "ಹುಳುವಿಗೆ ಹಾಗಾಗುತ್ತೆ ಅಂತ ಯಾರು ಹೇಳಿದ್ದಮ್ಮ?"

"ಇಂಜಿನಿಯರ್ ಹೇಳ್ದ ಅಂತ ಹೇಳಿವ್ನಿ. ಯಾರಾರ ಕೇಳುದ್ರೆ ಊಂ ಅನ್ನು."

ಮೇ 19, ಸೋಮವಾರ

ವಾಪಸು ಬಂದದ್ದರಲ್ಲೂ ನೀರು! ನನ್ನ ವಿದ್ಯೆ ನನಗೇ. ಎಲ್ಲರೂ ತಾವು ಬಳಸಿದಷ್ಟಕ್ಕೆ ನೀರು ಸೇರಿಸಿ, ಕೊಟ್ಟಷ್ಟೇ ಮಟ್ಟ ಮಾಡಿ ತಂದಿಟ್ಟಿದ್ದಾರೆ. ಕಳ್ಳರು! ಮಾರಕ್ಕನ ಸೀಸೆಯಲ್ಲಿ ಏನಿತ್ತೆಂದರೆ, ಕುಡಿದರೂ ಏನೂ ಆಗುತ್ತಿರಲಿಲ್ಲ.

ಬೆರೆತರೆ ಚಿಂತೆಯಿಲ್ಲ, ಹೇಗೂ ಬೆರೆಸಲೇಬೇಕು, ಎಷ್ಟು ಬೆರೆತಿದೆ ಎಂದು ತಿಳಿದರೆ ಸಾಕು ಅಂದ ಗೌಸ್. ನಾನು ನೆಟ್ಟಗೆ ಬಾಲರಾಜು ಬಳಿ ಹೋಗಿ ಲ್ಯಾಕ್ಟೋಮೀಟರ್ ಕೇಳಿದೆ.

"ಯಾಕಕ್ಕ, ಯಾರ್ ಹಾಲಿಗೆ?"

"ಊರಿನ್ ಹಾಲಿಗೆ."

ಇಡೀ ದಿನ ನಾವಿಬ್ಬರೂ ಜಗುಲಿಯ ಮೇಲೆ ಕೂತು ಒಂದೊಂದು ಬಾಟಲಿಗೂ ಡಿಗ್ರಿ ನೋಡಿದೆವು. ಮೊದಲ ದಿನ ಎತ್ತಿಟ್ಟಿದ್ದ ಅಸಲಿ ದ್ರವದ ಸೀಸೆ ಅವನ ಬಳಿ ಇತ್ತು, ಅದರ ಜೊತೆ ಹೋಲಿಸಿ ಗಟ್ಟಿ, ಮಧ್ಯಮ, ನೀರು ಎಂದು ಮೂರು ಗುಂಪು. ನಾನು ಓದಿ ಹೇಳಿದೆ, ಅವನು ಬರೆದುಕೊಂಡ. ಮಧ್ಯಾಹ್ನ ಮುದ್ದೆ ಬಸ್ಸಾರು ಬಡಿಸಿದೆ. ಮುದ್ದೆ ನುಂಗಲು ಬರುವುದಿಲ್ಲ ಆ ಹುಡುಗನಿಗೆ, ಅಗಿಯುತ್ತಾನೆ! ರಸೂಲ್ ಸಾಹೇಬರು ಮಗನಿಗೆ ಕಲಿಸಿದ್ದಾದರೂ ಏನು?

ಮೇ 28, ಬುಧವಾರ

ಬೆಳ್ಳಗೆ ಬರುತ್ತಿದೆ! ಎಂಟು ದಿನದಿಂದ ಹಾಲಿನ ಹಾಗೆ. ತೊಟ್ಟಿಯಲ್ಲಿ ಡೀಸೆಲ್ ಕೆನೆಗಟ್ಟುತ್ತಿದೆ. ಇವರು ತಗ್ಗಿನ ಪಂಪಿನ ಬಳಿಯಿಂದ ಏಳುವುದಿಲ್ಲ, ಕರು ಹಾಕುವ ಹಸುವಿನ ಹತ್ತಿರ ಕೂತ ಹಾಗೆ ಕೂತಿದ್ದಾರೆ.

ಆದರೆ ರಾಮನಗರದ ಬೆಟ್ಟದ ಕಡೆ ಮೋಡ ಕಟ್ಟಿದೆ. ಮಳೆರಾಯ, ಇನ್ನೊಂದು ವಾರ ತಡೆಯಪ್ಪ. ನಿನಗೆ ಸಾಲ ಅಂತ ಇಟ್ಟುಕೋ.

ಜೂನ್ 12, ಗುರುವಾರ

ಪಾಸ್!

ಪೂರ್ತಿ ಅಲ್ಲ. ರಸ್ತೆಯಂಚಿನ ಮೂರು ಸಾಲು, ಟ್ಯಾಂಕರಿನ ಹೊಟ್ಟೆ ಬಿದ್ದ ಜಾಗ, ಅಷ್ಟು ಮಾತ್ರ ತೊಳೆಯಲು ಬರಲಿಲ್ಲ. ಬಗೆದು ಒಯ್ದರು. ಮೊದಲು ನೆಟ್ಟ ಸಾಲುಗಳೇ ಅವು. ಜೆಸಿಬಿ ಬೇರು ಎತ್ತಿದಾಗ ನಾನು ಮನೆಯೊಳಗೆ ಬಂದು ರೇಡಿಯೋ ಜೋರಾಗಿ ಹಾಕಿದೆ. ಆ ಮೂರು ಸಾಲು ನನ್ನ ಬಾಟಲಿಗಳ ಲೆಕ್ಕಕ್ಕೆ ಹೋದವೇ ಎಂದು ಗೌಸನನ್ನು ಕೇಳಿದೆ. "ಗೊತ್ತಿಲ್ಲಮ್ಮ" ಎಂದ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ.

ಮಿಕ್ಕ ತೋಟ ಉಳಿಯಿತು. ಬಾವಿಯ ನೀರು ಶುದ್ಧ. ನಾಡಿದ್ದು ಗಿಡ ಕಟಾವು ಮಾಡುತ್ತೇವೆ, ಹೊಸ ಚಿಗುರು ಬರಲಿ. ಸಂಜೆಯಿಂದ ಮಳೆ ಸುರಿಯುತ್ತಿದೆ. ಸುರಿಯಲಿ, ಈಗ ಎಷ್ಟು ಬೇಕಾದರೂ ಸುರಿಯಲಿ!

ಗೌಸ್ ಪೈಪು, ಪಂಪು ಒಯ್ದ. ಅರ್ಧ ಡ್ರಮ್ಮು ದ್ರವ ಉಳಿದಿದೆ, ತೂಕ ಬರೆದುಕೊಂಡ. ಮುಂದಿನ ತಿಂಗಳು ಗಾಡಿ ಬರುವವರೆಗೂ ಹುಳುಮನೆಯಲ್ಲಿರಲಿ ಅಂದ. ಡ್ರಮ್ಮಿಗೆ ಬೀಗವಿಲ್ಲ, ಸೀಲಿಲ್ಲ. ಬೀಗವಿರುವುದು ಬಾಗಿಲಿಗೆ, ಅದರ ಕೈ ನನ್ನ ಸೊಂಟದಲ್ಲಿ.

ಜೂನ್ 30, ಸೋಮವಾರ

ಸೌದೆ ಹಸಿ, ಪಾತ್ರೆಗೆಲ್ಲ ಮಸಿ. ಬೂದಿ ಹಾಕಿ ತಿಕ್ಕಿದೆ. ರಟ್ಟೆ ಬಿದ್ದುಹೋಯಿತು.

ಸಿದ್ದಮ್ಮ ಬಂದು "ಒಂದ್ ತೊಟ್ಟು ಇದ್ರೆ ಕೊಡಕ್ಕ, ಹುಳ ಗಿಳ ಎಲ್ಲ ಸುಳ್ಳಂತೆ" ಎಂದಳು. ಕಾಫಿ ಕೊಟ್ಟೆ. ಕುಡಿದು ಕೂತು ಹರಟೆ ಹೊಡೆದು ಹೋದಳು. ಬರಿಗೈಲಿ ಹೋದರೂ ನಾಳೆ ಬತ್ತೀನಿ ಅಂದಳು.

ಜುಲೈ 24, ಗುರುವಾರ

ಗೌಸ್ ಗಾಡಿ ತಂದಿದ್ದ. ಅವನ ಕೆಲಸ ಕಾಯಂ ಆಗಿಲ್ಲ. ಹೋಗಿಯೂ ಇಲ್ಲ. ಇನ್ನೊಂದು ವರ್ಷ ನೋಡುತ್ತಾರಂತೆ. ಗಾಡಿಯಲ್ಲಿ ತೂಕದ ಯಂತ್ರವೂ ಇತ್ತು. ರೂಲ್ಸು. ಹುಳುಮನೆಯ ಬಾಗಿಲು ತೆಗೆದುಕೊಟ್ಟೆ. ಡ್ರಮ್ಮು ಹೊರಗೆ ತಂದರು, ಯಂತ್ರದ ಮುಂದೆಯೇ ಉರುಳಿಸಿಕೊಂಡು ಸೀದಾ ಗಾಡಿಗೆ ಏರಿಸಲು ಹೊರಟರು.

"ಏಯ್! ತೂಗಲ್ವಾ?"

"ಬೇಡ ಬಿಡಿಯಮ್ಮ."

"ಬ್ಯಾಡ ಅಂದ್ರೆ? ಇಳ್ಸು ಕೆಳಕ್ಕೆ. ತೂಗು. ತೂಗ್ದೆ ಗಾಡಿ ಅಲ್ಲಾಡ್ಬಾರ್ದು!"

ನನ್ನ ಗಂಟಲಿಗೆ ಊರೇ ಸೇರಿತು. ಇಳಿಸಿ ತೂಗಿದರು. ಜೂನ್ ತಿಂಗಳಲ್ಲಿ ಬರೆದುಕೊಂಡಿದ್ದ ತೂಕ ಎಷ್ಟೋ ಅಷ್ಟೇ. ಗುಂಪಿನ ಹಿಂದಿನಿಂದ ಮಾರಕ್ಕ ಬಾಯಿ ಹಾಕಿದಳು.

"ತೂಕಕ್ಕೇನು, ನೀರ್ ಉಯ್ದ್ರೂ ಬತ್ತದೆ. ಲ್ಯಾಕ್ಟೋಮೀಟ್ರು ಬುಟ್ಟು ನೋಡಿ!"

ಜನ ಹೋ ಎಂದು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. "ಬುಡ್ಸೇ ಬುಡ್ತೀನಿ! ಕರೀರೋ ಬಾಲರಾಜುನ!"

ಬಾಲರಾಜು ಬಂದ. ಅಸಲಿ ಸೀಸೆಗೆ ಒಮ್ಮೆ ಬಿಟ್ಟ, ಡ್ರಮ್ಮಿಗೆ ಒಮ್ಮೆ ಬಿಟ್ಟ. ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದ. ಇಷ್ಟು ಹೊತ್ತು ಹಾಲಿಗೂ ನೋಡುವುದಿಲ್ಲ ಅವನು. ಯಾಕೋ ಸೊಂಟದ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಒಂದು ತೊಟ್ಟೂ ಮುಟ್ಟಿಲ್ಲ ಎಂದು ನನಗೇ ಗೊತ್ತಿದ್ದರೂ.

"ಒಂದೇ ಡಿಗ್ರಿ ಕಣಕ್ಕ" ಎಂದ.

ಮಾರಕ್ಕ ಸುಮ್ಮನಾದಳು. ಅದೇ ಒಂದು ಹಬ್ಬ. ಗೌಸ್ ಆಚೆ ಹೋಗಿ ಫೋನಿನಲ್ಲಿ ಅಪ್ಪನಿಗೆ, "ಅಬ್ಬಾ, ತೂಕ ಬರಾಬರ್ ಹೈ" ಎಂದ. ಆ ಕಡೆಯಿಂದ ಏನೋ ಹೇಳಿದರು. ಹುಡುಗ ನಕ್ಕ.

"ಏನಂದ್ರು ನಿಮ್ಮಪ್ಪ?"

"ನಂಗೊತ್ತಿತ್ತು, ಫೋನ್ ಯಾಕೆ ಮಾಡಿದೆ ಅಂದ್ರು."

ಹಾಳು ಧೂಳು, ನಮ್ಮ ಬೀದಿಯಲ್ಲಿ ಮಳೆಗಾಲದಲ್ಲೂ ಹಾರುತ್ತದೆ.

ಆಗಸ್ಟ್ 9, ಶನಿವಾರ

ಹುಳು ಬಂದವು. ಚಾಕಿ, ಅಂದರೆ ಮೊದಲೆರಡು ಜ್ವರ, ಮುಗಿಸಿದ ಮರಿಗಳು, ಅಕ್ಕಿಕಾಳಿಗಿಂತ ಒಸಿ ಉದ್ದ. ಹೊಸ ಚಿಗುರನ್ನು ಸಣ್ಣಗೆ ಹೆಚ್ಚಿ ಹಾಕಿ, ಇವರೂ ನಾನೂ ತಟ್ಟೆಯ ಪಕ್ಕ ನಿಂತೆವು. ಮೊದಲು ಅಲ್ಲಾಡಲಿಲ್ಲ. ಒಂದು ತಲೆ ಎತ್ತಿತು, ಆ ಕಡೆ ಈ ಕಡೆ ನೋಡಿತು. ಸಂಕ್ರಾಂತಿಯಲ್ಲೂ ಹೀಗೇ ತಲೆ ಎತ್ತಿದ್ದವು. ನಾನು ಇವರ ತೋಳು ಹಿಡಿದುಕೊಂಡೆ. ಆಮೇಲೆ ಅದು ತಲೆ ತಗ್ಗಿಸಿ ಎಲೆಯ ಅಂಚಿಗೆ ಬಾಯಿ ಹಾಕಿತು. ಅದರ ಪಕ್ಕದ್ದು. ಅದರ ಪಕ್ಕದ್ದು. ಸ್ವಲ್ಪ ಹೊತ್ತಿಗೆ ಇಡೀ ತಟ್ಟೆಯಲ್ಲಿ ತುಂತುರು ಮಳೆಯ ಸದ್ದು.

ಗೌಸ್ ನೋಡಲು ಬಂದಿದ್ದ, ಸೆಂಟು ಹಾಕಿಕೊಂಡು! ಹುಳುವಿಗೆ ಸೆಂಟಿನ ವಾಸನೆ ಆಗದು, ಹೊಸಲಿನಲ್ಲೇ ತಡೆದೆ. ಹಿತ್ತಿಲಿಗೆ ಕಳಿಸಿ, ತಾಮ್ರದ ಬಿಂದಿಗೆಯಲ್ಲಿ ನೀರು ಕೊಟ್ಟು, ಕತ್ತಿನವರೆಗೂ ತೊಳೆಸಿ ಆಮೇಲೆ ಒಳಗೆ ಬಿಟ್ಟೆ. ಮಣ್ಣು ತೊಳೆದವನು ತನ್ನ ಕುತ್ತಿಗೆ ಸರಿಯಾಗಿ ತೊಳೆಯಲಾರ.

ಸೊಪ್ಪಿಗೆ ಹೊತ್ತಾಯಿತು. ಇನ್ನು ಬರೆಯುತ್ತಾ ಕೂರಲು ಯಾರಿಗಿದೆ ಪುರುಸೊತ್ತು?